ಗುತ್ತಿಗೆ, ಮುಂಗಡ ಮತ್ತು ಕಬ್ಬಿನ ಬಿಲ್ಲು: ಸದಸ್ಯರು ತಿಳಿದಿರಬೇಕಾದ ಕಾನೂನು



ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದ ಕಡೆ ಹೊಲಗಳಿಗೆ ಬಂದಾಗ ನೀವು ಬೀಜ, ಗೊಬ್ಬರದ ಮಾತಿಗಿಂತ ಮೊದಲು ಕಾಗದಪತ್ರದ ಮಾತು ತೆಗೆಯುತ್ತೀರಿ. "ಹೊಲ ಅವರದು, ಬೆಳೆ ನಂದು. ಬಿಲ್ಲು ಯಾರಿಗೆ?" ಎಂಬುದು ನಾನು ಹೆಚ್ಚಾಗಿ ಕೇಳಿದ ಪ್ರಶ್ನೆ. ನಾನು ವಕೀಲನಲ್ಲ. ಆದರೂ ಇಂಥ ವ್ಯಾಜ್ಯಗಳು ನಾಟಿಯ ದಿನವೇ ಹುಟ್ಟಿ ಕಟಾವಿನ ದಿನ ಹೊರಬೀಳುವುದನ್ನು ಕಂಡಿದ್ದೇನೆ. ಆದುದರಿಂದ ಮುಖ್ಯವಾದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ವಿವರಿಸಿದ್ದೇನೆ.

೧. ಗುತ್ತಿಗೆ ಕರಾರು ಎಷ್ಟು ತಿಂಗಳಿಗೆ ಇರಬೇಕು?

ನಮ್ಮಲ್ಲಿ 11 ತಿಂಗಳ ಕರಾರು ಬರೆಯುವುದು ವಾಡಿಕೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ, ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆ ಇವುಗಳ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಜನ 11 ತಿಂಗಳು ಎಂದು ಬರೆಯುತ್ತಾರೆ. ಶೇಂಗಾಕ್ಕೆ ಇದು ಸರಿಹೋಗುತ್ತದೆ. ಕಬ್ಬಿಗೆ ಸರಿಹೋಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಜನವರಿ 1ರಿಂದ ಗುತ್ತಿಗೆ ಹಿಡಿದು ಅದೇ ತಿಂಗಳು ನಾಟಿ ಮಾಡಿದರೆ 11 ತಿಂಗಳ ಕರಾರು ನವೆಂಬರ್ 30ಕ್ಕೆ ಮುಗಿಯುತ್ತದೆ. ಕಬ್ಬು ಮಾಗಲು 10ರಿಂದ 12 ತಿಂಗಳು ಬೇಕು. ಕಟಾವಿನ ಆದೇಶ ಡಿಸೆಂಬರಿನಲ್ಲೋ ಜನವರಿಯಲ್ಲೋ ಬಂದಾಗ ಕಬ್ಬು ಹೊಲದಲ್ಲೇ ನಿಂತಿರುತ್ತದೆ, ಕೈಯಲ್ಲಿ ಚಾಲ್ತಿಯಲ್ಲಿರುವ ಪತ್ರ ಇರುವುದಿಲ್ಲ. ಕೂಳೆ ಬೆಳೆಯ ಮಾತಂತೂ ಕೇಳುವುದೇ ಬೇಡ. ಅದರ ಖರ್ಚೆಲ್ಲ ಮೊದಲ ವರ್ಷವೇ ಆಗಿರುತ್ತದೆ, ಲಾಭ ಎರಡನೆಯ ವರ್ಷದಲ್ಲಿ ಬರಬೇಕು.

ಕೂಳೆಯವರೆಗೂ ಹೊಲ ನಡೆಸುವ ವಿಚಾರವಿದ್ದರೆ ಎರಡು ಅಥವಾ ಮೂರು ವರ್ಷಕ್ಕೆ ಬರೆಸಿ, ನೋಂದಾಯಿಸಿ. ನೋಟರಿಯ ಮೊಹರು ಬಿದ್ದರೆ ನೋಂದಣಿಯಾಯಿತೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ನೋಂದಣಿ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿಯೇ ಆಗಬೇಕು.

ಆಂಧ್ರಪ್ರದೇಶದಲ್ಲಿ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಬಂತು. ಅದು ಕೂಡ 11 ತಿಂಗಳ ಒಪ್ಪಂದವನ್ನೇ ಆಧಾರ ಮಾಡಿಕೊಂಡಿತು. ಕೌಲು ರೈತನಿಗೆ ಬೆಳೆ ಸಾಲ, ವಿಮೆ, ಬೆಳೆ ಪರಿಹಾರ ಸಿಗಲಿ ಎಂಬುದು ಆ ಕಾರ್ಡಿನ ಉದ್ದೇಶ. ಅದರಿಂದ ಹೊಲದ ಒಡೆತನ ಬದಲಾಗುವುದಿಲ್ಲ. ಹೊಲದ ಯಜಮಾನರು ಹೆದರಿ ಸಹಿ ನಿರಾಕರಿಸಬೇಕಾದ ಕಾರಣವಿಲ್ಲ.

ಗಡಿಯಾಚೆ ಪಾವಗಡ, ಚಳ್ಳಕೆರೆ, ಬಳ್ಳಾರಿ ಕಡೆ ಹೊಲ ಹಿಡಿಯುವವರಿಗೆ ಒಂದು ಎಚ್ಚರಿಕೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ, ಕೃಷಿ ಭೂಮಿಯನ್ನು ಹೊಸದಾಗಿ ಗುತ್ತಿಗೆ ಕೊಡುವುದಕ್ಕೆ ನಿಷೇಧವಿದೆ. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ. ಈಚೆ ನಡೆಯುವ ಪತ್ರ ಆಚೆಯೂ ನಡೆಯುತ್ತದೆಂದು ನಂಬಿ ಹಣ ಹಾಕಬೇಡಿ.

೨. ಬಿಲ್ಲು ಯಾರ ಹೆಸರಿಗೆ?

ಕಾರ್ಖಾನೆ ನ್ಯಾಯಾಲಯವಲ್ಲ. ಯಾರ ಹೆಸರಿನಲ್ಲಿ ಕಬ್ಬು ನೋಂದಣಿಯಾಗಿದೆಯೋ ಅವರ ಖಾತೆಗೆ ಹಣ ಹೋಗುತ್ತದೆ. ಯಜಮಾನರ ಹೆಸರಿನಲ್ಲಿ ಕಬ್ಬು ಬರೆಸಿ ನೀವು ಬೆಳೆದರೆ, ಹಣವೂ ಅವರಿಗೇ ಜಮೆಯಾಗುತ್ತದೆ. ಅವರ ಹಳೆಯ ಸಾಲವಿದ್ದರೆ ಅದಕ್ಕೇ ಮುರಿದುಕೊಳ್ಳಲೂಬಹುದು. ವರ್ಷವಿಡೀ ನೀರು ಕಟ್ಟಿದವನು ಆಗ ಬರಿಗೈಯಲ್ಲಿ ಕಛೇರಿಯ ಮೆಟ್ಟಿಲಲ್ಲಿ ಕೂರಬೇಕಾಗುತ್ತದೆ.

ಆದ್ದರಿಂದ ನಾಟಿ ನೋಂದಣಿಯ ದಿನವೇ ಯಜಮಾನರೂ ಸಾಗುವಳಿದಾರರೂ ಸೇರಿ ಸಹಿ ಮಾಡಿದ ಪತ್ರವನ್ನು ಕಬ್ಬು ವಿಭಾಗಕ್ಕೆ ಕೊಡಿ. ಸರ್ವೆ ನಂಬರು, ಎಕರೆ, ಹಣ ಯಾವ ಖಾತೆಗೆ, ಬೀಜ ಗೊಬ್ಬರದ ಸಾಲ ಯಾರಿಂದ ವಸೂಲು, ಕೂಳೆ ಯಾರದು, ಇಷ್ಟೂ ಅದರಲ್ಲಿರಲಿ. ಕಟಾವಿನ ದಿನ ತಂದ ಪತ್ರದಿಂದ ಜಗಳ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.

೩. ಹಣ ತಡವಾದರೆ?

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಬೆಲೆ ಪಾವತಿಯಾಗಬೇಕು. ನಂತರದ ವಿಳಂಬಕ್ಕೆ ವರ್ಷಕ್ಕೆ ಶೇಕಡ 15ರ ಬಡ್ಡಿ. ಒಂದು ಲಕ್ಷ ರೂಪಾಯಿಗೆ 14 ದಿನ ಕಳೆದ ಮೇಲೆ 30 ದಿನ ತಡವಾದರೆ ಬಡ್ಡಿ ಸುಮಾರು 1,233 ರೂಪಾಯಿ. ನಮ್ಮ ಕಾರ್ಖಾನೆಗೂ ಈ ನಿಯಮ ಅನ್ವಯಿಸುತ್ತದೆ. ಇದನ್ನು ನಮ್ಮದೇ ಪತ್ರಿಕೆಯಲ್ಲಿ ಬರೆಯಲು ಸಂಕೋಚವೇನೂ ಇಲ್ಲ, ಕಾರ್ಖಾನೆ ಸದಸ್ಯರದೇ. ದಿನ ಎಣಿಸುವುದು ತೂಕದ ಚೀಟಿಯಿಂದ. ಅದನ್ನು ಜೋಪಾನವಾಗಿಡಿ.

೪. ಮೇಸ್ತ್ರಿ ಮುಂಗಡ ಪಡೆದು ಬರದಿದ್ದರೆ?

ಕಟಾವಿನ ಮೇಸ್ತ್ರಿಗೆ ಕೈಯಲ್ಲಿ ಹಣ ಕೊಟ್ಟು, "ನಂಬಿಕಸ್ತ" ಎಂದು ರಸೀದಿ ಬಿಡಬೇಡಿ. ಎಷ್ಟು ಜನ, ಯಾವ ತಾರೀಖು, ಟನ್ನಿಗೆ ಎಷ್ಟು ಕೂಲಿ, ಮುಂಗಡ ಹೇಗೆ ಮುರಿಯುವುದು, ಇವನ್ನು ಬರೆಸಿ ಸಹಿ ಹಾಕಿಸಿ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ.

ಮಾತಿಗೆ ತಪ್ಪಿದ್ದಕ್ಕೆಲ್ಲ ಪೊಲೀಸ್ ಮೊಕದ್ದಮೆಯಾಗುವುದಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಿದರೆ ಮಾತ್ರ ಅದು ವಂಚನೆ. ಉಳಿದಂತೆ ಸಿವಿಲ್ ದಾವೆ. ಕೊಟ್ಟ ಹಣದ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. "ಆಮೇಲೆ ನೋಡೋಣ" ಎಂದು ಕೂತರೆ ಹಕ್ಕೇ ಕಳೆದುಹೋಗುತ್ತದೆ.

ಇನ್ನೊಂದು ಮಾತು ಕಠಿಣವಾದರೂ ಹೇಳಲೇಬೇಕು. ಮುಂಗಡ ತೀರಲಿಲ್ಲವೆಂದು ಕೂಲಿಯವರನ್ನು ತಡೆದಿಡುವುದು, ಅವರ ಮಕ್ಕಳನ್ನು ದುಡಿಸಿಕೊಳ್ಳುವುದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯ ಕೆಳಗೆ ಅಪರಾಧವಾಗುತ್ತದೆ. ಜೀತದ ಸಾಲವನ್ನು ಆ ಕಾಯ್ದೆ ರದ್ದುಮಾಡಿದೆ. ಹಣ ಹೋಗುವುದಲ್ಲದೆ ಸೆರೆಮನೆಯೂ ಕಾಣಬೇಕಾದೀತು.

ಜಗಳ ಬಂದೇ ಬಂದರೆ ಅನಂತಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ವರಮಾನದವರಿಗೆ ವಕೀಲರ ನೆರವು ಉಚಿತ. ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ.

ಹೊಲಕ್ಕೆ ಬೀಜ ಒಯ್ಯುವ ಮುನ್ನ ಕರಾರಿನ ಕೊನೆಯ ತಾರೀಖನ್ನು ಒಮ್ಮೆ ಓದಿ ನೋಡಿ. ಅದು ಕಟಾವಿನ ಮೊದಲೇ ಮುಗಿಯುವಂತಿದ್ದರೆ, ಮೊದಲು ಕರಾರು ತಿದ್ದಿಸಿ, ಆಮೇಲೆ ನಾಟಿ ಮಾಡಿ.

— ಕಬ್ಬು ಅಭಿವೃದ್ಧಿ ಅಧಿಕಾರಿ