ಅಗ್ಗವಾದ ವಿಮಾನಯಾನ

1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಹಾರಿದಾಗ ಅದರಲ್ಲಿದ್ದ ಪ್ರಯಾಣಿಕರು ಮೂವತ್ತೈದು ಮಂದಿ ಮಾತ್ರ. ಅಂದು ವಿಮಾನಯಾನವು ಸಿರಿವಂತರ ಸೊತ್ತು. ಊಟೋಪಚಾರವೆಲ್ಲವೂ ಟಿಕೆಟ್ಟಿನ ಬೆಲೆಯಲ್ಲಿಯೇ ಅಡಗಿದ್ದವು.

2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ ಈ ಪದ್ಧತಿಯನ್ನು ಬದಲಿಸಿದರು. ತಿಂಡಿ ಬೇಕಾದವರು ಹಣ ತೆತ್ತು ಕೊಳ್ಳಬೇಕು. ಆಸನಗಳನ್ನು ಒತ್ತೊತ್ತಾಗಿ ಜೋಡಿಸಿದುದರಿಂದ ಒಂದೇ ವಿಮಾನದಲ್ಲಿ ಹೆಚ್ಚು ಜನ ಕುಳಿತರು. ಇಂಧನದ ವೆಚ್ಚವು ಅಷ್ಟೂ ಜನರಲ್ಲಿ ಹಂಚಿಹೋಯಿತು. ಕೆಲವು ಟಿಕೆಟ್ಟುಗಳು ಒಂದು ರೂಪಾಯಿಗೂ ದೊರೆತವು, ತೆರಿಗೆ ಬೇರೆ! 2008ರಲ್ಲಿ ಸಂಸ್ಥೆಯು ಇನ್ನೊಂದರಲ್ಲಿ ಲೀನವಾದರೂ ಈ ಕ್ರಮವು ಉಳಿದುಕೊಂಡಿತು.

ಕಾಲು ಚಾಚಲು ಎಡೆಯಿಲ್ಲವೆಂದು ಹಳೆಯ ಪ್ರಯಾಣಿಕರು ಗೊಣಗಿದರು. ಅದು ಸುಳ್ಳೇನಲ್ಲ. ಆದರೆ ಆ ಇಕ್ಕಟ್ಟಿನಲ್ಲಿಯೇ, ಅದುವರೆಗೆ ವಿಮಾನವನ್ನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದ್ದವರಿಗೂ ಒಂದು ಎಡೆ ದೊರೆಯಿತು.