ಮೇಲಿನ ಮಹಡಿಗಿಂತ ಮೊದಲು ಕೆಳಗಿನ ಪಿಲ್ಲರ್

ಪ್ರಶ್ನೆ: ರಾಜಾನುಕುಂಟೆಯಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿದ್ದೇವೆ. ಕೆಳಗೆ ಬರೀ ಪಿಲ್ಲರ್, ಗಾಡಿ ನಿಲ್ಲಿಸುವ ಜಾಗ; ಮೇಲೆ ಎರಡು ಮಹಡಿ. ನನ್ನ ತವರು ಚಿಕ್ಕಬಳ್ಳಾಪುರದ ಕಡೆ. 2021ರ ಡಿಸೆಂಬರಿನಲ್ಲಿ ಅಲ್ಲಿ ಭೂಮಿ ನಡುಗಿದಾಗ ಅಲ್ಲೇ ಇದ್ದೆ. ಅಂದಿನಿಂದ ಲಾರಿ ಹೋಗಿ ಕಿಟಕಿ ಅದುರಿದರೂ ಎದ್ದು ಕೂರುತ್ತೇನೆ. ಈಗ ಯಜಮಾನರು ಬಾಡಿಗೆಗೆಂದು ಇನ್ನೊಂದು ಮಹಡಿ ಏರಿಸಲು ಹೊರಟಿದ್ದಾರೆ. ಬೇಡವೆಂದರೆ "ಬೆಂಗಳೂರಿಗೆ ಭೂಕಂಪ ಬರಲ್ಲ, ನಿನಗೆ ಹುಚ್ಚು" ಅಂತಾರೆ.
– ಹೆಸರು ಬೇಡ, ರಾಜಾನುಕುಂಟೆ

ಉತ್ತರ: ಇದು ಹುಚ್ಚಲ್ಲ ತಂಗೀ. ನಿಂತ ನೆಲವೇ ಅಲುಗಿದ್ದನ್ನು ಕಂಡವರಿಗೆ ಆ ದಿಗಿಲು ಬೇಗ ಇಳಿಯುವುದಿಲ್ಲ. ಆ ಡಿಸೆಂಬರ್ 22ರ ಬೆಳಿಗ್ಗೆಯ ಎರಡು ಕಂಪನಗಳ ತೀವ್ರತೆಯೂ 3ರ ಆಸುಪಾಸಿನದು. ಅಷ್ಟಕ್ಕೆ ಪಾತ್ರೆ ಸದ್ದಾಗಬಹುದು, ಸರಿಯಾಗಿ ಕಟ್ಟಿದ ಮನೆ ಬೀಳುವುದಿಲ್ಲ. ನಾವಿರುವುದು ಬಹಳ ಹಳೆಯ ಬಂಡೆಯ ನೆಲ. ಹಿಮಾಲಯದ ತಪ್ಪಲಿನಷ್ಟು ಒತ್ತಡ ಇಲ್ಲಿಲ್ಲ. 2016ರ ಭೂಕಂಪ ನಕ್ಷೆಯಲ್ಲಿ ಬೆಂಗಳೂರನ್ನು ಕಡಿಮೆ ಅಪಾಯದ ಎರಡನೇ ವಲಯದಲ್ಲಿ ಸೇರಿಸಿದ್ದೂ ಅದಕ್ಕೇ. ಇನ್ನು ಸದ್ದು ಕೇಳಿದಾಗಲೆಲ್ಲ ಭೂಕಂಪವೇ ಅಂದುಕೊಳ್ಳಬೇಡಿ. 2020ರ ಮೇ 20ರಂದು ಊರಿಗೆ ಊರೇ ಬೆಚ್ಚಿದ ಸದ್ದು ವಾಯುಪಡೆಯ ವಿಮಾನದ್ದು. ರಾಜ್ಯದ ಕಂಪನಗಳ ಮೇಲೆ ಕಣ್ಣಿಟ್ಟಿರುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಿಮ್ಮ ಪಕ್ಕದ ಯಲಹಂಕದಲ್ಲೇ ಇದೆ. ವಾಟ್ಸ್ಆ್ಯಪ್ ಬಿಟ್ಟು ಅದರ ಮಾತು ನಂಬಿ. ಇಷ್ಟಾದರೂ ನಿದ್ದೆ ಬಾರದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಸಂಕೋಚ ಬೇಡ.

ಆದರೆ ನಿಮ್ಮ ಯಜಮಾನರ "ಬರಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬೀದರಿಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗವೇ ಆಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಬಿಟ್ಟು ಬಂದು ಮಲಗಿದ್ದವರ ಮೇಲೆ ಮಣ್ಣು-ಕಲ್ಲಿನ ದಪ್ಪ ಗೋಡೆಗಳು ಕುಸಿದವು. ಆ ಭಾಗದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2001ರಲ್ಲಿ ಭುಜ್ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಹಲವು ನಿಮ್ಮ ಮನೆಯಂತೆ ಕೆಳಗೆ ಪಾರ್ಕಿಂಗಿಗೆ ಬಿಟ್ಟವು. ಮೇಲೆ ಗೋಡೆಗಳಿರುವುದರಿಂದ ಮಹಡಿಗಳು ಪೆಟ್ಟಿಗೆಯಂತೆ ಬಿಗಿಯಾಗಿರುತ್ತವೆ. ತೂಗಾಟವೆಲ್ಲ ಕೆಳಗಿನ ಬೋಳು ಪಿಲ್ಲರುಗಳ ಪಾಲಿಗೆ ಬರುತ್ತದೆ.

ಆ ಪಿಲ್ಲರಿನೊಳಗೆ ಉದ್ದದ ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗುಗಳದೇ ನನಗೆ ಚಿಂತೆ. ರಿಂಗಿನ ಎರಡೂ ತುದಿಗಳು ಮೂಲೆಯ ಕಂಬಿಯನ್ನು ಹಿಡಿದು 135 ಡಿಗ್ರಿಯಷ್ಟು ಒಳಕ್ಕೆ ಬಾಗಿರಬೇಕು. ಪಿಲ್ಲರಿನ ಬುಡ, ತಲೆಯ ಹತ್ತಿರ ರಿಂಗುಗಳು ಒತ್ತೊತ್ತಾಗಿರಬೇಕು. ಅವಸರದ ಕೆಲಸದಲ್ಲಿ ತುದಿಯನ್ನು 90 ಡಿಗ್ರಿಗೆ ಮಡಚಿ ಬಿಟ್ಟುಬಿಡುತ್ತಾರೆ. ಜೋರಾಗಿ ಅಲುಗಿ ಹೊರಗಿನ ಕಾಂಕ್ರೀಟ್ ಉದುರಿದರೆ ಅಂಥ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿ ಹೊರಕ್ಕೆ ಬಾಗುತ್ತದೆ. ಎರಡನೇ ವಲಯದಲ್ಲಿ ಈ ಕಟ್ಟುನಿಟ್ಟನ್ನು ಕಡ್ಡಾಯ ಮಾಡದೆ ಬಹುಕಾಲ ಕಳೆದಿದ್ದೇವೆ. ಹಾಗಾಗಿ ಮನೆಯವರೇ ಕೇಳಿ ಹಾಕಿಸಿಕೊಳ್ಳಬೇಕು.

ಪಾಯ ಎಷ್ಟು ಮಹಡಿಯ ಲೆಕ್ಕಕ್ಕೆ ಹಾಕಿದ್ದು, ಸೈಟು ಮೊದಲು ತುಂಬಿಸಿದ ಜಾಗವೋ ಎಂದು ವಿಚಾರಿಸಿ. ಮನೆ ಕಟ್ಟುವಾಗ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಹುಡುಕಿ; ಕಾಂಕ್ರೀಟ್ ಸುರಿಯುವ ಮೊದಲಿನ ಒಂದು ಚಿತ್ರ ಸಿಕ್ಕರೂ ಕಂಬಿ, ರಿಂಗು ಕಾಣುತ್ತವೆ. ಅದನ್ನೂ ಡ್ರಾಯಿಂಗನ್ನೂ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ಮೇಸ್ತ್ರಿಯ "ಏನೂ ಆಗಲ್ಲ" ಸಾಲದು. ಪಿಲ್ಲರುಗಳಿಗೆ ಹೊರಗಿನಿಂದ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸುವ ಕೆಲಸವುಂಟು, ನಡುವೆ ಗೋಡೆ ಎಬ್ಬಿಸುವುದೂ ಉಂಟು. ಆದರೆ ಲೆಕ್ಕವಿಲ್ಲದೆ ಒಂದೇ ಕಡೆ ಗೋಡೆ ಕಟ್ಟಿಸಬೇಡಿ, ನಡುಗಿದಾಗ ಮನೆ ತಿರುಚಿಕೊಳ್ಳುತ್ತದೆ.

ಯಜಮಾನರಿಗೆ "ಕಟ್ಟಬೇಡಿ" ಅನ್ನಬೇಡಿ. "ಎಂಜಿನಿಯರ್ ನೋಡಿ ಸಹಿ ಹಾಕಿಕೊಟ್ಟ ಮೇಲೆ ಕಟ್ಟೋಣ" ಅನ್ನಿ. ತಪಾಸಣೆಗೆ ಅವರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಪಿಲ್ಲರ್ ತಡೆಯದು ಎಂದು ಲೆಕ್ಕ ಹೇಳಿದರೆ, ಮೇಲಿನ ಮಹಡಿಗೆ ಎತ್ತಿಟ್ಟ ದುಡ್ಡನ್ನು ಕೆಳಗಿನ ಪಿಲ್ಲರುಗಳಿಗೇ ಹಾಕಿಸಿ.