ಹೆಸರು ಹೇಳಿದರೆ ಸಾಲದು, ಚಿತ್ರ ಕೈಗೆ ಸಿಗಬೇಕು

"ಒಳ್ಳೆಯ ಹಳೇ ಸಿನಿಮಾ ಇದ್ದರೆ ಹೇಳಿ ಸರ್" ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಹೇಳುವವರಿಗೂ ಬರವಿಲ್ಲ. 'ಸಂಸ್ಕಾರ', 'ಚೋಮನ ದುಡಿ', 'ಪಥೇರ್ ಪಾಂಚಾಲಿ' ಎಂದು ಒಂದೇ ಉಸಿರಿಗೆ ಹತ್ತು ಹೆಸರು ಹೊರಬರುತ್ತವೆ. ಕೇಳಿದವರು ಸಂತೋಷದಿಂದ ಬರೆದುಕೊಳ್ಳುತ್ತಾರೆ. ಆರು ತಿಂಗಳು ಬಿಟ್ಟು ವಿಚಾರಿಸಿದರೆ ಒಂದನ್ನೂ ನೋಡಿರುವುದಿಲ್ಲ. ಆಸಕ್ತಿ ಇಲ್ಲವೆಂದಲ್ಲ. ಹುಡುಕಿದಾಗ ಸಿಕ್ಕಿರುವುದಿಲ್ಲ, ಸಿಕ್ಕಿದ್ದು ಮುಖವೇ ಕಾಣದಷ್ಟು ಮಸುಕಾಗಿರುತ್ತದೆ, ಇಲ್ಲವೇ ಕೊನೆಯ ಭಾಗವೇ ಇರುವುದಿಲ್ಲ.

ಸಾಗರದ ಕಡೆ ಮೇಷ್ಟ್ರಾಗಿದ್ದುಕೊಂಡು ಮನೆಯ ಜಗಲಿಯಲ್ಲಿ, ಶಾಲೆಯ ಕೋಣೆಯಲ್ಲಿ ವರ್ಷಗಟ್ಟಲೆ ಹಳೆಯ ಚಿತ್ರಗಳನ್ನು ತೋರಿಸುತ್ತ ಬಂದ ನನಗೆ ಗಟ್ಟಿಯಾಗಿ ಮನದಟ್ಟಾದ ಮಾತು ಇದು: ಚಿತ್ರದ ಹೆಸರು ಹೇಳಿದರೆ ಕೆಲಸ ಮುಗಿಯುವುದಿಲ್ಲ. ಯಾರಿಗೆ ಯಾವ ಚಿತ್ರ, ಅದು ಎಲ್ಲಿ ಸಿಗುತ್ತದೆ, ಯಾವ ಪ್ರತಿ ಚೆನ್ನಾಗಿದೆ, ಎಷ್ಟು ಖರ್ಚು, ಇಷ್ಟನ್ನೂ ಸೇರಿಸಿ ಕೊಟ್ಟಾಗ ಮಾತ್ರ ಜನ ನೋಡುತ್ತಾರೆ. ಒಮ್ಮೆ ನೋಡಿದರೆ ಮುಂದಿನದನ್ನು ಅವರೇ ಕೇಳಿಕೊಂಡು ಬರುತ್ತಾರೆ.

ಯಾರಿಗೆ ಯಾವುದು

ಪಟ್ಟಿ ಕೊಡುವುದನ್ನು ಬಿಟ್ಟು ಒಬ್ಬರಿಗೆ ಒಂದೇ ಚಿತ್ರ ಹೇಳುವುದು ನನ್ನ ಪದ್ಧತಿ. ಕಾದಂಬರಿ ಓದುವ ಅಕ್ಕಂದಿರಿಗೆ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967). ತ್ರಿವೇಣಿಯವರ ಕಾದಂಬರಿಯನ್ನು ಓದಿದವರಿಗೆ ಕಲ್ಪನಾ ಅವರ ಇಂದಿರೆಯನ್ನು ನೋಡುವಾಗ ಪುಸ್ತಕದ ಪುಟಗಳೇ ಕಣ್ಮುಂದೆ ತೆರೆದುಕೊಳ್ಳುತ್ತವೆ. ಅಲ್ಲಿಂದ 'ಶರಪಂಜರ'ಕ್ಕೆ (1972) ದಾರಿ ಸಲೀಸು. ಹಳೆಯ ಚಿತ್ರವೆಂದರೆ ನಿಧಾನ ಎಂದು ಮುಖ ತಿರುಗಿಸುವ ಕಾಲೇಜು ಹುಡುಗರಿಗೆ ಶಂಕರ್ ನಾಗ್ ಅವರ 'ಮಿಂಚಿನ ಓಟ' (1980), 'ಆಕ್ಸಿಡೆಂಟ್' (1985). 'ಒಂದಾನೊಂದು ಕಾಲದಲ್ಲಿ' (1978) ನೋಡಿದ ಮೇಲಂತೂ, ಗಿರೀಶ್ ಕಾರ್ನಾಡರು ಇಂಥ ಕತ್ತಿವರಸೆಯ ಸಿನಿಮಾ ಮಾಡಿದ್ದರಾ ಎಂದು ಅವರೇ ಅಚ್ಚರಿಪಡುತ್ತಾರೆ.

ನಮ್ಮ ಬೀದಿಯಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಕಲಾತ್ಮಕ ಚಿತ್ರವೆಂದರೆ "ಅದೆಲ್ಲ ನಿಮ್ಮಂಥವರಿಗೆ ಮೇಷ್ಟ್ರೇ" ಎಂದು ಎದ್ದು ಹೋಗುತ್ತಿದ್ದವರು. ಅವರನ್ನು ಕೂರಿಸಿಕೊಂಡು ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' (1986) ಹಾಕಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರಸೆಟ್ಟಿ, ಅತ್ತ ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ದಿನೇದಿನೇ ಬಲಿಯುತ್ತಿದೆ. ತಬರ ಕಾಗದ ಹಿಡಿದು ಇನ್ನೊಂದು ಮೇಜಿನ ಮುಂದೆ ನಿಂತಾಗ ಹಿರಿಯರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಆ ಫೈಲು ಈಗ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತು ಮಾರಾಯ್ರೆ" ಅಂದರು. ಆಮೇಲೆ ಕೊನೆಯವರೆಗೂ ಮಾತಿಲ್ಲ. ಮರುವಾರ ಅವರೇ ಬಂದು, "ಆ ಡೈರೆಕ್ಟರದ್ದು ಮತ್ತೇನಿದೆ?" ಎಂದು ಕೇಳಿದರು. ಕಾಸರವಳ್ಳಿಯವರಿಗೆ ಸ್ವರ್ಣಕಮಲ ಬಂದಿದೆ ಎಂದು ನಾನು ನೂರು ಸಲ ಹೇಳಿದ್ದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನೋಡುವವರ ಬದುಕಿಗೆ ಹತ್ತಿರದ ಚಿತ್ರವನ್ನು ಮೊದಲು ಕೊಡಬೇಕು. ಪ್ರಶಸ್ತಿಯ ಮಾತು ಆಮೇಲೆ.

ಯಾವ ಪ್ರತಿ

ಇವತ್ತು ಹಳೆಯ ಕನ್ನಡ ಚಿತ್ರ ನೋಡಲು ಅತಿ ಅಗ್ಗದ ಜಾಗ ಯೂಟ್ಯೂಬ್. ಹಕ್ಕು ಖರೀದಿಸಿದ ಆಡಿಯೊ, ವಿಡಿಯೊ ಕಂಪನಿಗಳೇ ನೂರಾರು ಚಿತ್ರಗಳನ್ನು ಪೂರ್ತಿಯಾಗಿ ಹಾಕಿವೆ. ಡೇಟಾ ಬಿಟ್ಟರೆ ಬೇರೆ ಖರ್ಚಿಲ್ಲ. ಆದರೆ ಒಂದೇ ಚಿತ್ರದ ಮೂರ್ನಾಲ್ಕು ಪ್ರತಿಗಳು ಇರುತ್ತವೆ, ಮೊದಲು ಕಂಡದ್ದನ್ನೇ ಒತ್ತಬಾರದು. ನಾನು ಮೂರು ವಿಷಯ ಪರೀಕ್ಷಿಸುತ್ತೇನೆ.

ಮೊದಲನೆಯದು ಅವಧಿ. ಎಲ್ಲ ಪ್ರತಿಗಳ ಸಮಯವನ್ನು ಹೋಲಿಸಿ, ಉದ್ದದ್ದನ್ನು ಆರಿಸಿಕೊಳ್ಳಬೇಕು. ಎರಡನೆಯದು ಚೌಕಟ್ಟು. ಆ ಕಾಲದ ಬಹುಪಾಲು ಕಪ್ಪುಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕವಾದ, 4:3ಕ್ಕೆ ಹತ್ತಿರದ ಚೌಕಟ್ಟಿನಲ್ಲಿ ತೆಗೆದವು. ಈಗಿನ ಅಗಲ ಟಿವಿಗೆ ತುಂಬಿಸಲು ಕೆಲವರು ಚಿತ್ರದ ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. ಇದನ್ನು ಕಂಡುಹಿಡಿಯಲು ಆರಂಭದ ಟೈಟಲ್ ಕಾರ್ಡ್ ನೋಡಿದರೆ ಸಾಕು. ಕಲಾವಿದರ ಹೆಸರುಗಳಲ್ಲಿ ಮೇಲಿನ ಸಾಲಿನ ತಲೆಕಟ್ಟು, ಕೆಳಗಿನ ಸಾಲಿನ ಒತ್ತಕ್ಷರ ಮಾಯವಾಗಿದ್ದರೆ ಚಿತ್ರದುದ್ದಕ್ಕೂ ನಟರ ತಲೆಗಳೂ ಮಾಯವಾಗಿರುತ್ತವೆ. ಆ ಪ್ರತಿ ಬೇಡ. ಪ್ರತಿ ಸರಿಯಿದ್ದೂ ಜನರೆಲ್ಲ ಅಗಲಗಲ ಕಾಣುತ್ತಿದ್ದರೆ ತಪ್ಪು ನಿಮ್ಮ ಟಿವಿಯದು. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿಗೆ ಹೋಗಿ 4:3 ಅಥವಾ ಒರಿಜಿನಲ್ ಎಂದು ಇಟ್ಟರೆ, ಎರಡೂ ಬದಿಗೆ ಕಪ್ಪು ಪಟ್ಟಿ ಬಂದು, ಮುಖಗಳು ಮುಖಗಳ ಹಾಗೆ ಕಾಣುತ್ತವೆ. ಮೂರನೆಯದು ಶಬ್ದ. ನಡುವೆ ಎಲ್ಲಾದರೂ ಒಂದೆರಡು ಮಾತು ಕೇಳಿ ನೋಡಬೇಕು. ಹಳೆಯ ಚಿತ್ರಗಳ ಜೀವ ಸಂಭಾಷಣೆಯಲ್ಲಿದೆ. ಚಿತ್ರ ಸ್ವಲ್ಪ ಮಸುಕಿದ್ದರೂ ನಡೆಯುತ್ತದೆ, ಮಾತು ಕೇಳದಿದ್ದರೆ ಹಿರಿಯರು ಹತ್ತು ನಿಮಿಷಕ್ಕೆ ಏಳುತ್ತಾರೆ.

ಹಕ್ಕು ಕೈ ಬದಲಾದಾಗ ಚಿತ್ರಗಳು ಇದ್ದಕ್ಕಿದ್ದಂತೆ ಕಾಣೆಯಾಗುವುದೂ ಉಂಟು. ಆದ್ದರಿಂದ ಯಾರಿಗಾದರೂ ಲಿಂಕ್ ಕಳಿಸುವ ದಿನವೇ ಒಮ್ಮೆ ತೆರೆದು ನೋಡುತ್ತೇನೆ. ಓಟಿಟಿಯಲ್ಲಿ ಮಾತ್ರ ಇರುವ ಚಿತ್ರಗಳಿಗೆ ನೋಡಬೇಕಾದವನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡು ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ, ನೋಡಿ ಮುಗಿಸಿ ನಿಲ್ಲಿಸುತ್ತೇನೆ. ಇಂಟರ್ನೆಟ್ ಇಲ್ಲದ ಮನೆಗಳಿಗೆ ಡಿಡಿ ಫ್ರೀ ಡಿಶ್ ಇದೆ. ತಿಂಗಳ ಬಾಡಿಗೆ ಇಲ್ಲದ ಆ ತಟ್ಟೆಯಲ್ಲಿ ದೂರದರ್ಶನದ ಚಂದನ ವಾಹಿನಿ ಬರುತ್ತದೆ, ಅದರಲ್ಲಿ ಹಳೆಯ ಕನ್ನಡ ಚಿತ್ರಗಳೂ ಬರುತ್ತವೆ.

ಡಿಸ್ಕುಗಳನ್ನೂ ನಾನು ಕೈಬಿಟ್ಟಿಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಡಿಸ್ಕುಗಳ ರಾಶಿ ಬಿತ್ತು. ಈಗ ಅವೆಲ್ಲ ಹಳೇ ಪುಸ್ತಕದಂಗಡಿ, ಗುಜರಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಕೊಳ್ಳುವಾಗ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ವಿಸಿಡಿಯಾದರೆ ಎರಡು ಮೂರು ಡಿಸ್ಕು ಇರುತ್ತವೆ, ಎಲ್ಲ ಇವೆಯೇ ಎಂದು ಎಣಿಸಿ. ಸಾಧ್ಯವಿದ್ದರೆ ಡಿವಿಡಿಯನ್ನೇ ಆರಿಸಿ. ವಿಸಿಡಿಯ ಚಿತ್ರ ದೊಡ್ಡ ಟಿವಿಯಲ್ಲಿ ಕಲಸಿಹೋಗುತ್ತದೆ.

ಹಕ್ಕಿನ ಮಾತು

ಪುಕ್ಕಟೆ ಸಿಕ್ಕಿದ್ದೆಲ್ಲ ನ್ಯಾಯವಾಗಿ ಸಿಕ್ಕಿದ್ದಲ್ಲ. ಹೊಸ ಪೀಳಿಗೆಗೆ ಚಿತ್ರ ತೋರಿಸುವವರು ಈ ವಿಷಯವನ್ನು ತಿಳಿದಿರಲೇಬೇಕು. ನಮ್ಮ ದೇಶದ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕುಸ್ವಾಮ್ಯ, ಅದು ಬಿಡುಗಡೆಯಾದ ಮರುವರ್ಷದಿಂದ ಎಣಿಸಿ 60 ವರ್ಷ. ಆ ಲೆಕ್ಕದಲ್ಲಿ ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' (1954), ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955), ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' (1964) ಈಗ ಎಲ್ಲರ ಸ್ವತ್ತು. ಆದರೆ ಇವನ್ನು ಆಧರಿಸಿ ಹೊಸದಾಗಿ ಮಾಡಿದ ಕೆಲಸಗಳಿಗೆ, ಉದಾಹರಣೆಗೆ ಸಬ್‌ಟೈಟಲ್‌ಗೆ, ಬೇರೆ ಹಕ್ಕು ಇರಬಹುದು.

ಮೇಷ್ಟ್ರುಗಳಿಗೆ ಇನ್ನೊಂದು ಅನುಕೂಲವನ್ನೂ ಕಾಯ್ದೆ ಕೊಟ್ಟಿದೆ. ಶಾಲೆ, ಕಾಲೇಜಿನ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಮಕ್ಕಳ ತಂದೆತಾಯಿ ಹೀಗೆ ಸಂಸ್ಥೆಗೆ ಸೇರಿದವರಿಗೆ ಮಾತ್ರ ಚಿತ್ರ ತೋರಿಸಿದರೆ ಅದು ಉಲ್ಲಂಘನೆಯಲ್ಲ. ಊರಿಗೆಲ್ಲ ಕರೆ ಕೊಟ್ಟು ಮೈದಾನದಲ್ಲಿ ಪರದೆ ಕಟ್ಟುವುದಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಪತ್ರ ಬರೆದು ಕೇಳಿದರೆ, ಹಳ್ಳಿಯ ಮಕ್ಕಳಿಗೆ ಎಂದರೆ, ಸಂತೋಷದಿಂದ ಒಪ್ಪುವವರಿದ್ದಾರೆ. ಕೇಳುವ ಶ್ರಮ ತೆಗೆದುಕೊಳ್ಳಬೇಕು, ಅಷ್ಟೇ.

ಹೊರದೇಶದ ಬಾಗಿಲುಗಳು

ಹೊರಗಿನ ಚಿತ್ರಗಳಿಗೆ ಭಾಷೆ ಅಡ್ಡಿ ಎನ್ನುವವರಿಗೆ ನನ್ನ ಉತ್ತರ ಮೂಕಿಚಿತ್ರ. ಚಾಪ್ಲಿನ್ನನ 'ದಿ ಕಿಡ್' (1921), ಬಸ್ಟರ್ ಕೀಟನ್ನನ 'ದಿ ಜನರಲ್' (1926), ಇವೆಲ್ಲ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತ. 'ದಿ ಕಿಡ್'ನಲ್ಲಿ ಪುಟ್ಟ ಹುಡುಗ ಬೀದಿಯಲ್ಲಿ ಕಲ್ಲೆಸೆದು ಕಿಟಕಿ ಗಾಜು ಒಡೆಯುತ್ತಾನೆ. ಒಡನೆಯೇ ಬೆನ್ನಿಗೆ ಗಾಜು ಕಟ್ಟಿಕೊಂಡು, ಏನೂ ಅರಿಯದವನಂತೆ ಚಾಪ್ಲಿನ್ ಆ ಬೀದಿಗೆ ಬರುತ್ತಾನೆ. ಏಳನೇ ತರಗತಿಯ ಮಕ್ಕಳಿಗೆ ಇದನ್ನು ತೋರಿಸಿದಾಗ ನಾನು ಒಂದು ಮಾತೂ ವಿವರಿಸಬೇಕಾಗಲಿಲ್ಲ. ಪೊಲೀಸಿನವನು ಹಿಂದೆ ಬಂದು ನಿಂತಾಗ ಇಡೀ ತರಗತಿ "ಓಡು, ಓಡು" ಎಂದು ಕೂಗಿತು. ನೂರು ವರ್ಷದ ಹಿಂದಿನ, ಬೇರೆ ದೇಶದ ಚಿತ್ರಕ್ಕೆ ಮಲೆನಾಡಿನ ಮಕ್ಕಳು ಹಾಗೆ ಕೂಗುವುದನ್ನು ಕೇಳಿದವರಿಗೆ ಹಳೆಯ ಚಿತ್ರ ಯಾಕೆ ಎಂಬ ಪ್ರಶ್ನೆ ಉಳಿಯುವುದಿಲ್ಲ.

ಮಾತಿನ ಚಿತ್ರಗಳಲ್ಲಿ ರಷ್ಯಾದ ಮಾಸ್‌ಫಿಲ್ಮ್ ಸ್ಟುಡಿಯೊ ತನ್ನದೇ ಯೂಟ್ಯೂಬ್ ಚಾನೆಲ್ಲಿನಲ್ಲಿ ಹಳೆಯ ಶ್ರೇಷ್ಠ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ಲಿನೊಂದಿಗೆ ಹಾಕಿದೆ. ನಾನು ಮೊದಲು ಹೇಳುವುದು ಚುಖ್ರಾಯ್ ಅವರ 'ಬ್ಯಾಲಡ್ ಆಫ್ ಎ ಸೋಲ್ಜರ್' (1959). ಯುದ್ಧದಲ್ಲಿ ಸಾಹಸ ಮಾಡಿದ ಹುಡುಗನೊಬ್ಬ ಪದಕದ ಬದಲು, ಅಮ್ಮನನ್ನು ನೋಡಿ ಮನೆಯ ಸೂರು ಸರಿಮಾಡಿ ಬರಲು ರಜೆ ಕೇಳುತ್ತಾನೆ. ರಜೆಯೆಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ. ಕೊರಿಯಾದ ಫಿಲ್ಮ್ ಆರ್ಕೈವ್ ಕೂಡ ತನ್ನ ಚಾನೆಲ್ಲಿನಲ್ಲಿ 'ದಿ ಹೌಸ್‌ಮೇಡ್' (1960) ಮೊದಲಾದ ಹಳೆಯ ಚಿತ್ರಗಳನ್ನು ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಓದಲು ತಡವರಿಸುವವರಿಗೆ ನಾನು ಅರ್ಧ ಪುಟದ ಕಥಾಸಾರವನ್ನು ಕನ್ನಡದಲ್ಲಿ ಬರೆದು, ಪಾತ್ರಗಳ ಹೆಸರು, ಸಂಬಂಧ ಹೇಳಿ ಮೊದಲೇ ಕೊಡುತ್ತೇನೆ. ಕಥೆ ಗೊತ್ತಾದರೆ ರುಚಿ ಕೆಡುತ್ತದೆಂಬ ಭಯ ಬೇಡ. ಬಯಲಾಟಕ್ಕೆ ಹೋಗುವವರಿಗೆಲ್ಲ ಕಥೆ ಗೊತ್ತಿದ್ದೇ ಇರುತ್ತದೆ, ಬೆಳಗಾಗುವವರೆಗೂ ಕೂತು ನೋಡುತ್ತಾರೆ.

ಈ ಧೈರ್ಯ ನನಗೆ ಬಂದದ್ದು ನಮ್ಮ ಪಕ್ಕದ ಹೆಗ್ಗೋಡಿನಿಂದ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ರಾಯ್, ಕುರೊಸಾವಾ ಚಿತ್ರಗಳನ್ನು ತೋರಿಸಿತು. ಹಳ್ಳಿಯವರಿಗೆ ಇದು ಅರ್ಥವಾಗುತ್ತದೆಯೇ ಎಂಬ ಅನುಮಾನಕ್ಕೆ ಆ ಪ್ರೇಕ್ಷಕರೇ ಉತ್ತರ ಕೊಟ್ಟರು.

ಸೇರಿ ನೋಡುವುದು

ಬೆಂಗಳೂರಿನಲ್ಲಿರುವವರಿಗೆ ಅವಕಾಶ ಇನ್ನೂ ಹೆಚ್ಚು. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ಬನಶಂಕರಿಯಲ್ಲಿದೆ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪಾಸಿಗೆ ಇತ್ತೀಚಿನ ವರ್ಷಗಳಲ್ಲಿ ಸಾರ್ವಜನಿಕರಿಗೆ 800, ವಿದ್ಯಾರ್ಥಿಗಳಿಗೆ ಮತ್ತು ಫಿಲ್ಮ್ ಸೊಸೈಟಿ ಸದಸ್ಯರಿಗೆ 400 ರೂಪಾಯಿ ಇತ್ತು. ವಾರವಿಡೀ, ದಿನಕ್ಕೆ ನಾಲ್ಕೈದು ಚಿತ್ರ ನೋಡಬಹುದು. ಮಲ್ಟಿಪ್ಲೆಕ್ಸಿನ ಒಂದೆರಡು ಟಿಕೆಟ್ಟಿನ ದುಡ್ಡಿಗೆ ಇಷ್ಟು ಬೇರೆಲ್ಲಿಯೂ ಸಿಗುವುದಿಲ್ಲ. ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೆಸ್ ಕೂಡ ಆಗಾಗ ತಮ್ಮ ದೇಶಗಳ ಚಿತ್ರಗಳನ್ನು ತೋರಿಸುತ್ತವೆ.

ಹಳೆಯ ಚಿತ್ರಗಳನ್ನು ಹಂಚಿಕೊಳ್ಳುವುದು ಬರೀ ಹವ್ಯಾಸದ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಇವತ್ತು ಯಾರಿಗೂ ನೋಡಲು ಸಿಗುವುದಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಇತ್ತ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆ ಚಿತ್ರದ ಯಮುನಕ್ಕ, ನಾಣಿ ಮತ್ತು ಕತ್ತಲ ಕಾಡು ಮತ್ತೆ ಸ್ಪಷ್ಟವಾಗಿ ಕಾಣುವಂತಾಯಿತು. ಒಂದು ಚಿತ್ರ ಅಳಿಯುವುದು, ಇನ್ನೊಂದು ಉಳಿಯುವುದು ಇದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಯಾರೂ ಕೇಳದ ಚಿತ್ರದ ರೀಲನ್ನು ಕಾಪಾಡಲು ಯಾರೂ ಖರ್ಚು ಮಾಡುವುದಿಲ್ಲ. ಕೇಳುವವರನ್ನು ಹುಟ್ಟಿಸುವುದು ನಮ್ಮ ನಿಮ್ಮ ಕೈಯಲ್ಲಿದೆ.

ಆದ್ದರಿಂದ ಈ ವಾರ ನಿಮಗೆ ಪ್ರಿಯವಾದ ಒಂದೇ ಒಂದು ಹಳೆಯ ಚಿತ್ರ ಆರಿಸಿ. ಅದನ್ನು ಇಷ್ಟಪಡಬಲ್ಲ ಒಬ್ಬರನ್ನು ಯೋಚಿಸಿ. ಒಳ್ಳೆಯ ಪ್ರತಿ ಹುಡುಕಿ, ಟೈಟಲ್ ಕಾರ್ಡ್ ನೋಡಿ, ಅವಧಿ ನೋಡಿ, ಆಮೇಲೆ ಕಳಿಸಿ. ಸಾಧ್ಯವಾದರೆ ಮನೆಗೇ ಕರೆದು, ಜತೆಗೆ ಕೂತು ನೋಡಿ. ಮುಗಿದ ಮೇಲೆ ಒಂದು ಲೋಟ ಕಾಫಿ ಕೊಟ್ಟು, "ಹೇಗನ್ನಿಸಿತು?" ಎಂದು ಕೇಳಿ. ಆ ಮಾತುಕತೆಯಿಂದ ಮುಂದಿನ ಚಿತ್ರ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.